ಮೆಲ್ಬರ್ನ್‌ನಲ್ಲಿ ಕೇಳಿದ ಪ್ರಶ್ನೆಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ 2003-04ನೇ ಸಾಲಿನ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ. ಇವರು ಬಿ.ಇ. ಪದವೀಧರರು, ಈಗ ಮೆಲ್ಬರ್ನ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಹೋದ ತಿಂಗಳು ನಮ್ಮ ಗಣಿತದ ಮೇಷ್ಟ್ರು ಫೋನ್ ಮಾಡಿ, "ಏನಪ್ಪಾ, ಅಷ್ಟು ದೂರದಿಂದ ಬರ್ತಿದ್ದೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು" ಎಂದರು. ಆಗಲಿ ಸರ್ ಎಂದೆ. ಆದರೆ ಕಂಪ್ಯೂಟರ್ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಈ ಶಾಮಿಯಾನದಲ್ಲೇ ಹತ್ತು ಜನ ಇದ್ದಾರೆ. ಹಾಗಾಗಿ ಮೇಷ್ಟ್ರ ಕ್ಷಮೆ ಕೇಳಿ, ಇವತ್ತು ಒಂದು ಆಟದ ವಿಷಯ ಹೇಳುತ್ತೇನೆ. ಆ ಆಟ ಆಡುವ ಒಬ್ಬ ಹುಡುಗನಿಗೆ ಜನ ಕೇಳಿದ ಪ್ರಶ್ನೆಗಳ ವಿಷಯ. ಅದು ನಮ್ಮ ಶಾಲೆಗೆ ಹೇಗೆ ಬಂದು ಸೇರುತ್ತದೆ ಎನ್ನುವುದು ಕೊನೆಯಲ್ಲಿ ತಿಳಿಯುತ್ತದೆ.

ಮೆಲ್ಬರ್ನ್ ಎಂದರೆ ನಮಗೆಲ್ಲ ಕ್ರಿಕೆಟ್. ಎಂಸಿಜಿ ಮೈದಾನವನ್ನು ಟಿವಿಯಲ್ಲಿ ನೋಡದವರಿಲ್ಲ. ಸುಮಾರು 1 ಲಕ್ಷ ಜನ ಕೂರುವ ಆ ಮೈದಾನ ಚಳಿಗಾಲ ಬಂದರೆ ಕ್ರಿಕೆಟ್ಟಿನದಲ್ಲ, ಫುಟ್‌ಬಾಲಿನದು. ಅದೂ ನಾವು ತಿಳಿದ ಫುಟ್‌ಬಾಲ್ ಅಲ್ಲ. ಅದಕ್ಕೆ ಆಸ್ಟ್ರೇಲಿಯನ್ ರೂಲ್ಸ್ ಎನ್ನುತ್ತಾರೆ, ಪ್ರೀತಿಯಿಂದ 'ಫೂಟಿ'. ಚೆಂಡು ದುಂಡಗಿಲ್ಲ, ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದಕ್ಕಿದೆ. ಒಂದೊಂದು ಕಡೆ 18 ಜನ. ಚೆಂಡನ್ನು ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು. ಆದರೆ ಓಡುವಾಗ 15 ಮೀಟರಿಗೊಮ್ಮೆ ನೆಲಕ್ಕೆ ಪುಟಿಸಬೇಕು ಇಲ್ಲವೇ ಮುಟ್ಟಿಸಬೇಕು. ಎಸೆಯುವ ಹಾಗಿಲ್ಲ, ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ನಡುವೆ ಒದ್ದರೆ 6 ಅಂಕ. ಪಕ್ಕದ ಕಂಬದ ಸಂದಿಯಲ್ಲಿ ಹೋದರೆ 1 ಅಂಕ ಮಾತ್ರ. ಗೋಲ್ ಆದಾಗ ಅಲ್ಲಿರುವ ಅಂಪೈರ್ ಎರಡು ಬಿಳಿ ಬಾವುಟ ಬೀಸುತ್ತಾನೆ. ಮೊದಲ ಸಲ ನೋಡಿದಾಗ ನನಗೆ ರೈಲ್ವೆ ಗಾರ್ಡ್ ನೆನಪಾದ.

ಮಕ್ಕಳೇ, ನಿಮಗೆ ಖುಷಿಯಾಗುವ ಒಂದು ಮಾತಿದೆ. ಈ ಆಟದ ಬಲು ಹಳೆಯ ಪಂದ್ಯಗಳಲ್ಲಿ ಒಂದು ನಡೆದದ್ದು ಎರಡು ಶಾಲೆಗಳ ನಡುವೆ. 1858ರ ಆಗಸ್ಟ್‌ನಲ್ಲಿ ಮೆಲ್ಬರ್ನ್‌ನ ಸ್ಕಾಚ್ ಕಾಲೇಜ್ ಮತ್ತು ಮೆಲ್ಬರ್ನ್ ಗ್ರಾಮರ್ ಎಂಬ ಶಾಲೆಗಳ ಹುಡುಗರು ಕಡೆಗೆ ನಲವತ್ತರಂತೆ ಆಡಿದರು. ಮೂರು ಶನಿವಾರ ಆಡಿದರೂ ಇಬ್ಬರದೂ ಒಂದೊಂದೇ ಗೋಲ್, ಪಂದ್ಯ ಸಮ. ಮಾರನೆಯ ವರ್ಷ, 1859ರಲ್ಲಿ, ಟಾಮ್ ವಿಲ್ಸ್ ಮುಂತಾದವರು ಕೂತು ನಿಯಮ ಬರೆದರು. ಚಳಿಗಾಲದಲ್ಲಿ ಕ್ರಿಕೆಟ್ ಆಡುವವರ ಮೈ ಜಡವಾಗಬಾರದು ಎನ್ನುವುದು ವಿಲ್ಸ್‌ನ ಯೋಚನೆಯಾಗಿತ್ತು. ಆ ಎರಡು ಶಾಲೆಗಳು ಇಂದಿಗೂ ವರ್ಷಕ್ಕೊಮ್ಮೆ ಆಡುತ್ತವೆ.

ಈಗ ಅದು ದೊಡ್ಡ ವೃತ್ತಿ. ರಾಷ್ಟ್ರೀಯ ಲೀಗಿನಲ್ಲಿ 18 ಕ್ಲಬ್‌ಗಳಿವೆ. ಅವುಗಳಿಗೆ ಹಣ ಕಟ್ಟಿ ಸದಸ್ಯರಾದವರು 10 ಲಕ್ಷಕ್ಕೂ ಹೆಚ್ಚು. ಅಜ್ಜ, ಮಗ, ಮೊಮ್ಮಗ ಎಲ್ಲ ಒಂದೇ ಕ್ಲಬ್ಬಿಗೆ ಸದಸ್ಯರು. ನಮ್ಮಲ್ಲಿ ಮನೆದೇವರು ಇದ್ದ ಹಾಗೆ ಅಲ್ಲಿ ಮನೆ ಕ್ಲಬ್ ಎಂದರೆ ತಪ್ಪಾಗದು.

ಹೋದ ಫೆಬ್ರವರಿಯಲ್ಲಿ, ಅಲ್ಲಿ ಆಗ ಬೇಸಿಗೆ, ಒಂದು ಕ್ಲಬ್ಬಿನವರು ಅಭಿಮಾನಿಗಳ ದಿನ ಇಟ್ಟಿದ್ದರು. ನನ್ನ ಮಗಳಿಗೆ ಒಂಬತ್ತು ವರ್ಷ, ಶಾಲೆಯಲ್ಲಿ ಫೂಟಿ ಆಡುತ್ತಾಳೆ. ಅವಳ ಹಟಕ್ಕೆ ಹೋದೆ. ಆಟಗಾರರು ಅಭ್ಯಾಸ ಮುಗಿಸಿ ಬಂದು ಮಕ್ಕಳ ಬನಿಯನ್ನಿಗೆಲ್ಲ ಸಹಿ ಹಾಕಿದರು. ಆಮೇಲೆ ಹುಲ್ಲಿನ ಮೇಲೆ ನೂರೈವತ್ತು ಜನ ಕೂತರು. ಎದುರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಇಪ್ಪತ್ತು ವರ್ಷದ ಒಬ್ಬ ಆಟಗಾರ. ಕೈಯಲ್ಲಿ ಮೈಕು, ಕಿವಿಯೆಲ್ಲ ಕೆಂಪು. ಹೆಸರು ಹೇಳುವುದಿಲ್ಲ. ಅವನ ಮಾತನ್ನು ನಮ್ಮೂರಿಗೆ ತರುತ್ತೇನೆ ಎಂದು ಅವನನ್ನು ಕೇಳಿ ಬಂದಿಲ್ಲ.

ಅವನು ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಬೆಳೆಯುವ ಸೀಮೆಯ ಹುಡುಗ. ಮನೆಯಿಂದ ಮೆಲ್ಬರ್ನ್‌ಗೆ 3,000 ಕಿಲೋಮೀಟರಿಗಿಂತ ದೂರ. ಇಷ್ಟು ದೂರ ಏಕೆ ಬಂದ ಎಂದರೆ ಅಲ್ಲಿ 'ಡ್ರಾಫ್ಟ್' ಎಂಬ ಪದ್ಧತಿ ಇದೆ. ಪ್ರತಿ ವರ್ಷ ನವೆಂಬರ್‌ನಲ್ಲಿ ಹದಿನೆಂಟು ತುಂಬುವ ಹುಡುಗರನ್ನು ಕ್ಲಬ್‌ಗಳು ಸರದಿಯಂತೆ ಆರಿಸುತ್ತವೆ. ಪಟ್ಟಿಯಲ್ಲಿ ಕೊನೆಯಲ್ಲಿದ್ದ ಕ್ಲಬ್ಬಿಗೆ ಮೊದಲ ಸರದಿ. ಹುಡುಗನಿಗೆ ಆಯ್ಕೆ ಇಲ್ಲ. ನಮ್ಮ ಮೇಷ್ಟ್ರುಗಳ ವರ್ಗಾವಣೆಯ ಕೌನ್ಸೆಲಿಂಗ್ ಗೊತ್ತಲ್ಲ? ಅಲ್ಲಿ ಮೇಷ್ಟ್ರು ಊರನ್ನು ಆರಿಸುತ್ತಾರೆ. ಡ್ರಾಫ್ಟ್‌ನಲ್ಲಿ ಊರೇ ಹುಡುಗನನ್ನು ಆರಿಸುತ್ತದೆ.

ಮೊದಲು ಕೈ ಎತ್ತಿದ್ದು ಏಳೆಂಟು ವರ್ಷದ ಒಬ್ಬ ಹುಡುಗ. "ದೊಡ್ಡ ಆಟಗಾರರು ಓಡಿ ಬಂದು ಗುದ್ದಿದಾಗ ನಿನಗೆ ಹೆದರಿಕೆ ಆಗಲ್ವಾ?" ಎಂದ. ಆಟಗಾರ ನಗದೆ ಹೇಳಿದ: "ಆಗುತ್ತೆ. ಪ್ರತಿ ಪಂದ್ಯಕ್ಕೂ ಆಗುತ್ತೆ. ಮೊದಲ ಏಟು ಬೀಳುವ ತನಕ ಮಾತ್ರ. ಏಟು ಬಿದ್ದ ಮೇಲೆ ಹೆದರೋಕೆ ಪುರಸೊತ್ತು ಇರಲ್ಲ."

ಕೊರಳಿಗೆ ಕ್ಲಬ್ಬಿನ ಬಣ್ಣದ ಕೈಹೆಣಿಗೆಯ ಮಫ್ಲರ್ ಸುತ್ತಿಕೊಂಡಿದ್ದ ಒಬ್ಬ ಅಜ್ಜಿ, ಬೇಸಿಗೆಯಲ್ಲಿ ಮಫ್ಲರ್, "ನಿನಗೆ ಅಡಿಗೆ ಯಾರು ಮಾಡ್ತಾರೆ?" ಎಂದು ಕೇಳಿದರು. ಎಲ್ಲರೂ ನಕ್ಕರು. ಅವನು ಮೊದಲ ವರ್ಷ ಕ್ಲಬ್ಬು ಗೊತ್ತು ಮಾಡಿಕೊಟ್ಟ ಒಂದು ಮನೆಯಲ್ಲಿ ಇದ್ದನಂತೆ. ಹೊರರಾಜ್ಯದಿಂದ ಬರುವ ಹುಡುಗರನ್ನು ಹೀಗೆ ಒಂದು ಸಂಸಾರದ ಜೊತೆ ಇರಿಸುತ್ತಾರೆ. ಈಗ ಇಬ್ಬರು ಆಟಗಾರರ ಜೊತೆ ಬೇರೆ ಮನೆ. ಮೊಟ್ಟೆ ಬೇಯಿಸಲು ಬರುತ್ತದೆ, ಮಿಕ್ಕದ್ದು ಕಲಿಯುತ್ತಿದ್ದೇನೆ ಎಂದ. ಅಜ್ಜಿ, "ತರಕಾರಿ ತಿನ್ನು" ಎಂದು ಹೇಳಿ ಕೂತರು.

ನಾನು ಎಂಜಿನಿಯರ್ ಅಲ್ಲವೇ, ನನ್ನ ಪ್ರಶ್ನೆ ಯಂತ್ರದ್ದು. ಆ ಆಟಗಾರರ ಬನಿಯನ್ನಿನ ಹಿಂದೆ, ಎರಡು ಹೆಗಲ ನಡುವೆ, ಒಂದು ಸಣ್ಣ ಜಿಪಿಎಸ್ ಪೆಟ್ಟಿಗೆ ಇರುತ್ತದೆ. ಎಷ್ಟು ದೂರ ಓಡಿದ, ಎಷ್ಟು ವೇಗದಲ್ಲಿ ಓಡಿದ ಎಂದು ಅದು ಲೆಕ್ಕ ಕೊಡುತ್ತದೆ. ಕೆಲವರು ಒಂದೇ ಪಂದ್ಯದಲ್ಲಿ 13-14 ಕಿಲೋಮೀಟರ್ ಓಡುತ್ತಾರೆ. "ಆ ಲೆಕ್ಕ ನೋಡಿ ನಿನ್ನ ಆಟ ಸುಧಾರಿಸಿತೇ?" ಎಂದು ಕೇಳಿದೆ. ಅವನು, "ನಾನು ಎಷ್ಟು ಓಡಿದೆ ಅಂತ ಪೆಟ್ಟಿಗೆ ಹೇಳುತ್ತೆ. ಓಡಬಾರದ ಕಡೆಗೆ ಓಡಿದೆ ಅನ್ನೋದನ್ನ ಕೋಚ್ ಹೇಳ್ತಾರೆ" ಎಂದ. ದತ್ತಾಂಶದ ಮೇಲೆ ಹನ್ನೆರಡು ವರ್ಷ ಕೆಲಸ ಮಾಡಿದ ನನಗೆ ಈ ಉತ್ತರದಿಂದ ಸ್ವಲ್ಪ ನಾಚಿಕೆಯಾಯಿತು.

ಆಮೇಲೆ ಹಿಂದಿನಿಂದ ಒಬ್ಬರು ಎದ್ದರು. ಐವತ್ತರ ಮೇಲಿನ ವಯಸ್ಸು, ಗಟ್ಟಿ ದನಿ. "ಹೋದ ವರ್ಷ ಕೊನೆಯ ನಿಮಿಷದಲ್ಲಿ ಕಂಬದ ಎದುರಿಗೇ ನಿಂತು ಗುರಿ ತಪ್ಪಿಸಿದೆಯಲ್ಲ, ಆಗ ನಿನ್ನ ತಲೆಯಲ್ಲಿ ಏನಿತ್ತು?" ಎಂದರು. ಕೂತಿದ್ದವರೆಲ್ಲ ತಣ್ಣಗಾದರು. ತಂಡ 5 ಅಂಕ ಹಿಂದಿತ್ತು. ಇವನು 6 ಅಂಕದ ಗೋಲ್ ಹೊಡೆದಿದ್ದರೆ ಗೆಲುವು. ಚೆಂಡು ಪಕ್ಕದ ಸಂದಿಗೆ ಹೋಯಿತು, 1 ಅಂಕ ಬಂತು, 4 ಅಂಕದಿಂದ ಸೋತರು. ಹುಡುಗ ಮೈಕನ್ನು ಸ್ವಲ್ಪ ಕೆಳಗೆ ಇಳಿಸಿದ. ಮತ್ತೆ ಎತ್ತಿ, "ನೀವು ಕೇಳಿದ್ದಕ್ಕಿಂತ ಹೆಚ್ಚು ಸಲ ನಾನೇ ನನ್ನನ್ನ ಕೇಳಿಕೊಂಡಿದ್ದೀನಿ ಸರ್. ಒದೆಯೋಕೆ 30 ಸೆಕೆಂಡ್ ಕೊಡ್ತಾರೆ. ನಾನು ಅರ್ಧವನ್ನೂ ಬಳಸಲಿಲ್ಲ. ಬೇಗ ಮುಗಿದರೆ ಸಾಕು ಅನ್ನಿಸಿತ್ತು. ಈಗ ಹೆಜ್ಜೆ ಎಣಿಸಿಕೊಂಡು ಒದೀತೀನಿ" ಎಂದ. ಆ ಮನುಷ್ಯ ಒಂದು ಗಳಿಗೆ ನಿಂತು, "ಸರಿ ಮಗು. ಈ ವರ್ಷ ಅದೇ ಜಾಗದಿಂದ ಹೊಡಿ" ಎಂದು ಕೂತರು. ಮೊದಲು ಚಪ್ಪಾಳೆ ತಟ್ಟಿದ್ದೂ ಅವರೇ.

ಬಂಧುಗಳೇ, ಅಲ್ಲಿನ ಜನ ಎಲ್ಲ ಹೀಗೆ ಒಳ್ಳೆಯವರು ಎಂದು ಹೇಳಲು ನಾನು ಬಂದಿಲ್ಲ. ಇದೇ ಆಟದಲ್ಲಿ 1993ರಲ್ಲಿ ಆ ನೆಲದ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ಅವರನ್ನು ಜನ ಪಂದ್ಯದುದ್ದಕ್ಕೂ ಬಣ್ಣ ಹಿಡಿದು ಬೈದರು. ಪಂದ್ಯ ಗೆದ್ದ ಮೇಲೆ ಅವರು ಬನಿಯನ್ ಎತ್ತಿ ತಮ್ಮ ಕಪ್ಪು ಹೊಟ್ಟೆಗೆ ಬೆರಳು ತೋರಿಸಿ ನಿಂತರು. ಆ ಫೋಟೋ ಅಲ್ಲಿ ಎಲ್ಲರಿಗೂ ಗೊತ್ತು. ಆಡಮ್ ಗುಡ್ಸ್ ಎಂಬ ಇನ್ನೊಬ್ಬ ಮೂಲನಿವಾಸಿ ಆಟಗಾರ ಲೀಗಿನ ಅತ್ಯುತ್ತಮ ಆಟಗಾರ ಎಂಬ ಪದಕವನ್ನು ಎರಡು ಸಲ ಪಡೆದವರು, 2014ರಲ್ಲಿ ವರ್ಷದ ಆಸ್ಟ್ರೇಲಿಯನ್ ಎಂಬ ಗೌರವ ಪಡೆದವರು. ಜನಾಂಗ ನಿಂದನೆಯ ವಿರುದ್ಧ ಮಾತಾಡಿದರು ಎಂದು 2015ರಲ್ಲಿ ಮೈದಾನದಿಂದ ಮೈದಾನಕ್ಕೆ ಜನ ಅವರನ್ನು ಕೂಗಿ ಅಣಕಿಸಿದರು. ಆ ವರ್ಷವೇ ಅವರು ಆಟ ಬಿಟ್ಟರು. ಲೀಗೂ 18 ಕ್ಲಬ್‌ಗಳೂ ಸೇರಿ ಅವರ ಕ್ಷಮೆ ಕೇಳಿದ್ದು 2019ರಲ್ಲಿ. ನಾಲ್ಕು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಆ ಮನುಷ್ಯ ಮೈದಾನದಲ್ಲಿ ಇರಲಿಲ್ಲ. ಈ ಮಾತನ್ನು ನೆನಪಿಡಿ, ಇದಕ್ಕೆ ಮತ್ತೆ ಬರುತ್ತೇನೆ.

ಕೊನೆಯ ಪ್ರಶ್ನೆ ನನ್ನ ಮಗಳದು. "ನಿನ್ನನ್ನ ತಂಡದಿಂದ ಕೈ ಬಿಟ್ಟಾಗ ನಿನ್ನ ಹತ್ರ ಯಾರು ಮಾತಾಡಿದ್ರು?" ಎಂದು ಕೇಳಿದಳು. ಅದಕ್ಕೆ ಹಿಂದಿನ ವಾರ ಅವಳನ್ನು ಶಾಲೆಯ ತಂಡದಿಂದ ಬಿಟ್ಟಿದ್ದರು. ಅದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಹುಡುಗ ಸ್ವಲ್ಪ ಯೋಚಿಸಿದ. "ಎಲ್ಲರೂ ಮಾತಾಡಿದರು. ಕೋಚ್ ಏನು ತಿದ್ದಿಕೋಬೇಕು ಅಂತ ಹೇಳಿದರು. ಅಪ್ಪ ತಲೆ ಎತ್ತಿ ಇರು ಅಂದರು. ಗೆಳೆಯರು ಮುಂದಿನ ವಾರ ನೋಡೋಣ ಅಂದರು. ನಮ್ಮ ಕ್ಲಬ್ಬಿನಲ್ಲಿ ಬೂಟು, ಬಟ್ಟೆ ನೋಡಿಕೊಳ್ಳೋ ಒಬ್ಬ ವಯಸ್ಸಾದವರು ಇದ್ದಾರೆ. ಅವರು ಮಾತ್ರ ಏನೂ ಹೇಳಲಿಲ್ಲ. ನನ್ನ ಬೂಟಿನ ಮಣ್ಣು ಕೆರೀತಾ, ಅಮ್ಮನಿಗೆ ಫೋನ್ ಮಾಡಿದೆಯಾ ಅಂತ ಕೇಳಿದರು. ನಾನು ಮಾಡಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ" ಎಂದ. ಆಮೇಲೆ ನನ್ನ ಮಗಳನ್ನೇ ನೋಡಿ, "ನನ್ನ ಜಾಗಕ್ಕೆ ಬಂದ ಹುಡುಗನೂ ರಾತ್ರಿ ನಮ್ಮ ಮನೆಗೆ ಬಂದು, ಹೇಗಿದ್ದೀಯ ಅಂತ ಕೇಳಿದ. ಅದು ಅವನಿಗೆ ಸುಲಭ ಇರಲಿಲ್ಲ" ಎಂದ.

ಆ ಕೊನೆಯ ಮಾತು ಕೇಳಿದಾಗಿನಿಂದ ನನಗೆ ನೆಮ್ಮದಿ ಇಲ್ಲ. ಏಕೆ ಎಂದು ಹೇಳುತ್ತೇನೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬ ಗೆಳೆಯ ನಮ್ಮ ಶಾಲೆಯ ಕಬಡ್ಡಿ ತಂಡದ ಮುಖ್ಯ ರೈಡರ್. ಅವನ ಆಟ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಹೋಬಳಿ ಮಟ್ಟದಲ್ಲಿ ಗೆದ್ದಿದ್ದೆವು. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹತ್ತು ದಿನ ಇರುವಾಗ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದ. ಏಳು ಜನರ ತಂಡ, ನಾನು ಹೊರಗೆ ಕೂರುವ ಆಟಗಾರ. ಅವನ 7ನೇ ನಂಬರಿನ ಬನಿಯನ್ ನನಗೆ ಕೊಟ್ಟರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವನು ಏಕೆ ಬರುತ್ತಿಲ್ಲ ಎಂದು ನಾನು ಕೇಳಲೇ ಇಲ್ಲ. ಅವನ ಮನೆ ನಮ್ಮ ಬೀದಿಯ ಹಿಂದಿನ ಬೀದಿ. ಕೇಳಿದರೆ ಎಲ್ಲಿ ವಾಪಸ್ ಬಂದುಬಿಡುತ್ತಾನೋ ಎಂಬ ಹೆದರಿಕೆಯೂ ಇತ್ತು. ಇಪ್ಪತ್ತು ವರ್ಷದ ಮೇಲೆ ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ.

ತಾಲ್ಲೂಕು ಮಟ್ಟದಲ್ಲಿ ನಾವು ಮೊದಲ ಪಂದ್ಯದಲ್ಲೇ ಸೋತೆವು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಪಿಯುಸಿ, ಸಿಇಟಿ, ಬಿ.ಇ., ಬೆಂಗಳೂರು, ಮೆಲ್ಬರ್ನ್. ಅವನು ಬೆಂಗಳೂರಿಗೆ ನನಗಿಂತ ಮೊದಲೇ ಹೋಗಿದ್ದ, ಹೋಟೆಲಿನಲ್ಲಿ ಲೋಟ ತೊಳೆಯಲು.

ಈ ಸಲ ಊರಿಗೆ ಬಂದ ದಿನವೇ ಅವನ ಮನೆಗೆ ಹೋದೆ. ಕಾಫಿ ಕೊಟ್ಟ. "ಅವತ್ತು ಯಾಕೋ ಸ್ಕೂಲು ಬಿಟ್ಟೆ?" ಎಂದು ಕೇಳಿದೆ. ಅವನು ನನ್ನನ್ನು ನೋಡಿ ನಕ್ಕು, "ಈಗ ಕೇಳ್ತಿದ್ದೀಯಲ್ಲೋ" ಎಂದ. ಆಮೇಲೆ ಹೇಳಿದ. ಅವರಪ್ಪ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ತಂಗಿಯರಿಬ್ಬರು. ಸಾಲಗಾರರು ಬಾಗಿಲಿಗೆ ಬರುತ್ತಿದ್ದರು. "ಹೋಗೋಕೆ ಮುಂಚೆ ಒಂದು ವಾರ ದಿನಾ ಸಾಯಂಕಾಲ ಬಸ್‌ಸ್ಟ್ಯಾಂಡ್ ಹತ್ರ ಕೂರ್ತಿದ್ದೆ ಕಣೋ. ನೀವು ಸ್ಕೂಲಿಂದ ಅದೇ ದಾರೀಲಿ ಬರ್ತಿದ್ರಲ್ಲ, ಯಾರಾದ್ರೂ ಕೇಳಿದ್ರೆ ಹೇಳಣ ಅಂತ. ನೀವು ಕೈ ಬೀಸಿ ಹೋಗ್ತಿದ್ರಿ" ಎಂದ.

ಕೇಳಿದ್ದರೆ ಏನಾಗುತ್ತಿತ್ತು? ಅವರಪ್ಪನ ಸೊಂಟ ನೆಟ್ಟಗಾಗುತ್ತಿರಲಿಲ್ಲ, ಸಾಲ ತೀರುತ್ತಿರಲಿಲ್ಲ. ಆದರೆ ನಮ್ಮ ಮೇಷ್ಟ್ರಿಗೆ ಹೇಳಿದ್ದರೆ ಪರೀಕ್ಷೆಗಾದರೂ ಕೂರಿಸುತ್ತಿದ್ದರು. ಮೇಷ್ಟ್ರುಗಳ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಆಗ ಒಬ್ಬೊಬ್ಬರು ಎರಡೆರಡು ವಿಷಯ, ನಾಲ್ಕು ತರಗತಿ ನೋಡುತ್ತಿದ್ದರು. ಒಂದೇ ಬೆಂಚಿನಲ್ಲಿ ಕೂತಿದ್ದವನು ನಾನು. ಕೇಳಬೇಕಾಗಿದ್ದವನೂ ನಾನೇ. ಗುಡ್ಸ್ ಅವರಿಗೆ ಕ್ಷಮೆ ನಾಲ್ಕು ವರ್ಷ ತಡವಾಗಿ ಬಂತು ಎಂದೆನಲ್ಲ, ನನ್ನದು ಇಪ್ಪತ್ತು ವರ್ಷ ತಡ.

ಗೆಳೆಯನ ಅನುಮತಿ ಕೇಳಿಯೇ ಇದನ್ನು ಹೇಳುತ್ತಿದ್ದೇನೆ. "ಹೆಸರು ಬೇಡ, ವಿಷಯ ಹೇಳು, ಹುಡುಗರಿಗೆ ಉಪಯೋಗ ಆಗುತ್ತೆ" ಎಂದಿದ್ದಾನೆ. ಅವನ ಬದುಕು ಹಾಳಾಯಿತು ಎಂದು ಯಾರೂ ಮರುಗಬೇಡಿ. ಹೋಟೆಲಿನಲ್ಲಿ ಲೋಟ ತೊಳೆದವನು ಅಡಿಗೆ ಕಲಿತು, ತಂಗಿಯರ ಮದುವೆ ಮಾಡಿ, ಊರಿಗೆ ಮರಳಿ, ಈಗ ಸುತ್ತಮುತ್ತಲ ಮದುವೆಗಳಿಗೆಲ್ಲ ಅಡಿಗೆ ಕಂಟ್ರಾಕ್ಟ್ ಹಿಡಿಯುತ್ತಾನೆ. ಆದರೆ ಅವನ ಹತ್ತಿರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲ. ಆ ಕಾಗದ ಕೇಳುವ ಕಡೆಯಲ್ಲೆಲ್ಲ ಇವತ್ತಿಗೂ ಅವನಿಗೆ ನೋವಿದೆ.

ಹಳೆಯ ವಿದ್ಯಾರ್ಥಿ ಸಂಘದಿಂದ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡುತ್ತಿದ್ದೇವೆ, ಅದು ಬರಲಿ. ಅದರ ಜೊತೆಗೆ ಖರ್ಚಿಲ್ಲದ ಎರಡು ವಿಷಯ ನಿಮ್ಮ ಮುಂದಿಡುತ್ತೇನೆ. ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದ್ದೇನೆ, ಒಪ್ಪಿದ್ದಾರೆ.

ಮೊದಲನೆಯದು, ಪ್ರತಿ ತಿಂಗಳ ಕೊನೆಯ ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಹಳೆಯ ವಿದ್ಯಾರ್ಥಿಯೊಬ್ಬರು ಬಂದು ಮಕ್ಕಳ ಎದುರು ಕುರ್ಚಿ ಹಾಕಿಕೊಂಡು ಕೂರಬೇಕು. ಎಂಜಿನಿಯರ್, ಡಾಕ್ಟರೇ ಆಗಬೇಕಿಲ್ಲ. ಬಸ್ ಕಂಡಕ್ಟರ್, ಆಶಾ ಕಾರ್ಯಕರ್ತೆ, ತೋಟ ಮಾಡುವವರು, ಗ್ಯಾರೇಜ್ ಇಟ್ಟವರು, ಯಾರಾದರೂ ಸರಿ. ಭಾಷಣ ಇಲ್ಲ, ಬುದ್ಧಿವಾದ ಇಲ್ಲ. ಮಕ್ಕಳು ಕೇಳಬೇಕು, ನಾವು ನಿಜ ಹೇಳಬೇಕು. ಎದ್ದು ಕೇಳಲು ನಾಚಿಕೆಯಾದವರು ಚೀಟಿ ಬರೆದು ಡಬ್ಬಿಗೆ ಹಾಕಲಿ. "ಫೇಲ್ ಆದಾಗ ಏನು ಮಾಡಿದಿರಿ, ಸಂಬಳ ಎಷ್ಟು, ಮನೆ ನೆನಪಾದರೆ ಅಳ್ತೀರಾ" ಎಂದು ಕೇಳಿದರೂ ಬೇಸರ ಮಾಡಿಕೊಳ್ಳಬಾರದು. ಮೊದಲ ಶನಿವಾರ ನಾನು ಕೂರುತ್ತೇನೆ. ಎರಡನೆಯ ತಿಂಗಳು ನನ್ನ ಗೆಳೆಯ ಕೂರುತ್ತಾನೆ, ಆಗ ಬೇಕಾದರೆ ಹೆಸರನ್ನು ಅವನನ್ನೇ ಕೇಳಿ.

ಎರಡನೆಯದು ಮಕ್ಕಳೇ, ನಿಮಗೆ. ನಿಮ್ಮ ಬೆಂಚಿನವರು ಮೂರು ದಿನ ಶಾಲೆಗೆ ಬಾರದಿದ್ದರೆ ಅವರ ಮನೆಗೆ ಹೋಗಿ. ಏನೂ ಹೇಳಬೇಡಿ. "ಯಾಕೆ ಬರಲಿಲ್ಲ?" ಎಂದು ಕೇಳಿ, ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಿ. ಬಂದು ಮೇಷ್ಟ್ರಿಗೆ, ಟೀಚರಿಗೆ ಹೇಳಿ. ಅವರ ಬನಿಯನ್ ನಿಮಗೆ ಸಿಕ್ಕಿದ್ದರೆ ಇನ್ನೂ ಬೇಗ ಹೋಗಿ.

ಇದು ನಮಗೆ ಹೊಸದೇನಲ್ಲ. ನಮ್ಮೂರಲ್ಲಿ ಯಾರು ಎದುರಾದರೂ ಮೊದಲು ಬರುವ ಮಾತು "ಊಟ ಆಯ್ತಾ?" ಅಂತ. ಮೆಲ್ಬರ್ನ್‌ನ ಆ ಬೂಟಿನ ಅಜ್ಜ ಕೇಳಿದ್ದೂ ಹೆಚ್ಚೂಕಡಿಮೆ ಅದೇ.

ಇನ್ನು ಅರ್ಧ ಗಂಟೆಗೆ ಊಟ. ನಿಮಗೆಲ್ಲ ಅಡಿಗೆ ಮಾಡಿಸಿರುವವನು ನಾನು ಹೇಳಿದ ಗೆಳೆಯನೇ, ನಿನ್ನೆ ರಾತ್ರಿಯಿಂದ ನಿಂತಿದ್ದಾನೆ. ಪಂಕ್ತಿಯಲ್ಲಿ ಬಡಿಸಲು ಬಂದವರನ್ನೆಲ್ಲ, "ನಿಮ್ಮದು ಊಟ ಆಯ್ತಾ?" ಎಂದು ಒಂದು ಮಾತು ಕೇಳಿ.